ಮೈನಸ್ ಎರಡೂಕಾಲು

ಕಾರವಾರದಲ್ಲಿ ಹಿಮ ಎಂದರೆ
ಬೈತಖೋಲದ ಐಸ್ ಕಾರ್ಖಾನೆ.
ಗರಗಸದ ಹಾಗೆ ಕಿರುಚುವ ಯಂತ್ರದ ಬಾಯಿಂದ
ಬಂಗುಡೆಯ ಪೆಟ್ಟಿಗೆಗೆ ಬೀಳುವ ಪುಡಿ.
ಅದರ ಮೇಲೆ ಜಾರಬೇಕು, ಕನ್ನಡಕ ಕೊಡಿ ಎಂದು
ಮೂವತ್ತೆರಡು ವರ್ಷದಲ್ಲಿ ಯಾರೂ
ನನ್ನ ಅಂಗಡಿ ಹತ್ತಿದ್ದಿಲ್ಲ.

ಪ್ರಣಿತಾ ತಾಂಡೇಲ ಹತ್ತಿದಳು.
ಎನ್‌ಸಿಸಿ ಹುಡುಗಿ. ಗುಲ್ಮಾರ್ಗದಲ್ಲಿ ಹದಿನಾಲ್ಕು ದಿನ
ಸ್ಕೀ ಕಲಿಸುತ್ತಾರಂತೆ.
ಫೋನಿನಲ್ಲಿ ಎರಡು ಚಿತ್ರ:
ಒಂದು ಚಪ್ಪಟೆ, ಒಂದು ಗುಂಡು.
ಒಂದಕ್ಕೆ ಹದಿನೆಂಟು ನೂರು,
ಇನ್ನೊಂದಕ್ಕೆ ಐದು ಸಾವಿರದ ಮೇಲೆ.
"ಯಾವುದು ಅಂಕಲ್?"

ನಾನು ಹಿಮ ಕಂಡವನಲ್ಲ. ಗಾಜು ಕಂಡವನು.

ಚಪ್ಪಟೆ ಅನ್ನುವುದು ಪೂರ್ತಿ ಚಪ್ಪಟೆಯಲ್ಲ ತಂಗೀ,
ನಾಡಹೆಂಚು ನೋಡು, ಅಡ್ಡಕ್ಕೆ ಬಾಗುತ್ತದೆ,
ಉದ್ದಕ್ಕೆ ನೆಟ್ಟಗೆ ಮಲಗುತ್ತದೆ.
ಗುಂಡು ಅಂದರೆ ಗರಟೆ. ಎತ್ತ ಬೆರಳಾಡಿಸಿದರೂ
ಬಾಗುತ್ತಲೇ ಹೋಗುತ್ತದೆ, ಕಣ್ಣುಗುಡ್ಡೆಯ ಹಾಗೆ.
ಒದ್ದೆ ಹೆಂಚಿನ ಮೇಲೆ ಬಿಸಿಲು ಬಿದ್ದರೆ
ಉದ್ದಕ್ಕೂ ಒಂದೇ ಬೆಳ್ಳಿ ಗೆರೆ, ಕಣ್ಣಿಗೆ ಬಾರುಕೋಲು.
ಗರಟೆಯ ಮೇಲೆ ಒಂದು ಚುಕ್ಕಿ, ಅಷ್ಟೇ.
ಒಳಗೆ ಗಾಳಿಗೆ ಜಾಗ, ಮಬ್ಬು ಕಡಿಮೆ.
ನಿನ್ನ ಪವರಿನ ಕನ್ನಡಕಕ್ಕೂ ಜಾಗ.
ಚಪ್ಪಟೆಯದು ಮುಖಕ್ಕೇ ಅಂಟಿ ಕೂರುತ್ತದೆ,
ಅದರೊಳಗೆ ಇನ್ನೊಂದು ಕನ್ನಡಕವೆಂದರೆ
ಸಂತೆ ದಿನದ ಟೆಂಪೋದಲ್ಲಿ
ಮತ್ತೊಬ್ಬರನ್ನು ತುರುಕಿದ ಹಾಗೆ.

ಅಷ್ಟು ಹೇಳಿ ಬಾಗಿಲ ಕಡೆ ನೋಡಿದೆ.
ಅವಳಪ್ಪ ಉಮಾಕಾಂತ, ಒಳಗೆ ಬರದೆ
ಮೆಟ್ಟಿಲಲ್ಲೇ ನಿಂತಿದ್ದ,
ಹಣೆಗೆ ಅಂಗೈಯ ಮಾಡು.
ಆ ಕಣ್ಣುಗಳ ಚೀಟಿ ನನ್ನಲ್ಲಿದೆ:
ಎಡಗಣ್ಣಿನ ಮೂಲೆಯಿಂದ ದುರ್ಮಾಂಸ
ಒಡ್ಡು ಬಿರಿದ ಗಜನಿಗೆ ಉಪ್ಪುನೀರು ಏರುವ ಹಾಗೆ
ಸಾವಕಾಶ ಕಪ್ಪಿನ ಕಡೆಗೆ.
ಮೂವತ್ತು ವರ್ಷ ಕಾಳಿ ಅಳಿವೆಯ ಥಳಥಳವನ್ನು
ಬರಿಗಣ್ಣಲ್ಲೇ ಕುಡಿದದ್ದಕ್ಕೆ.
ಹಿಮವೂ ಹಾಗೇ ಅಂತೆ,
ಹೊಡೆಯುವುದು ಮೇಲಿನ ಬಿಸಿಲಲ್ಲ, ಕೆಳಗಿನದು.

ಒಮ್ಮೆ ಅವನಿಗೂ ತಂಪು ಕನ್ನಡಕ ಹಾಕಿಸಿದ್ದೆ.
ಸಮುದ್ರಕ್ಕೆ ಮುಖಮಾಡಿ ಎರಡು ನಿಮಿಷ ನಿಂತ,
ತೆಗೆದು ಗಾಜಿನ ಮೇಜಿನ ಮೇಲಿಟ್ಟ:
"ನೀರಿನ ಬಣ್ಣವೇ ಹೋಯ್ತು ರಾಯ್ಕರ್ರೇ,
ತಾರ್ಲಿ ಎಲ್ಲಿ ಕುದಿಯುತ್ತಿದೆ ಗೊತ್ತಾಗುವುದಿಲ್ಲ."

ಗುಂಡಿನದನ್ನೇ ತಕೋ, ಅಂದೆ. ತಲೆಯಾಡಿಸಿದಳು,
ಅಪ್ಪನನ್ನು ನೋಡದೆ.
ಆ ತಿಂಗಳು ಅವರ ದೋಣಿ ದಡದಲ್ಲೇ ಇತ್ತು,
ಎಂಜಿನ್ ಬಿಚ್ಚಿ.

ಫೆಬ್ರವರಿಯಲ್ಲಿ ಉಮಾಕಾಂತ ಫೋನು ಹಿಡಿದು ಬಂದ.
ಬಿಳಿ, ಎಲ್ಲ ಬಿಳಿ, ನಡುವೆ ಕಿತ್ತಳೆ ಜಾಕೀಟು,
ಹಲ್ಲು, ಸುಲಿದು ಕೆಂಪಾದ ಮೂಗಿನ ತುದಿ.
ನಾನು ನೋಡಿದ್ದು ಗಾಜನ್ನು.
ಫೋಟೋ ತೆಗೆದವನು ಅದರಲ್ಲಿ ಮೂಡಿದ್ದ:
ಉದ್ದ ಇದ್ದಷ್ಟೇ ಇದೆ, ಅಡ್ಡಕ್ಕೆ ಹಿಂಡಿ
ಒಣಗಿಸಿದ ಬೊಂಬಿಲಿನಷ್ಟು ಸಪೂರ.
ಗರಟೆ ಹಾಗೆ ತೋರಿಸುವುದಿಲ್ಲ. ಇದು ಹೆಂಚು.

ಹೆಂಚಿನೊಳಗೆ ಕನ್ನಡಕ ಹಿಡಿಯದು.
ಅಂದರೆ ಹುಡುಗಿ ಆ ಇಳಿಜಾರನ್ನೆಲ್ಲ
ಮೈನಸ್ ಎರಡೂಕಾಲು ಬರಿಗಣ್ಣಲ್ಲಿ,
ಬಾವುಟ ಯಾವುದು ಮಾಸ್ತರ ಯಾರು ತಿಳಿಯದೆ,
ಬಣ್ಣ ಕದಲಿದ ಕಡೆ ತಿರುಗಿಸುತ್ತ
ಇಳಿದಿದ್ದಾಳೆ.
ಇಳಿದು, ನಗುತ್ತಿದ್ದಾಳೆ.

"ಒಳ್ಳೇದೇ ಅಲ್ಲವಾ, ಅವಳು ತಕೊಂಡದ್ದು?"
ಫೋನಿಗೆ ಬಿಸಿಲು ತಾಗದಂತೆ ಕೈ ಅಡ್ಡ ಹಿಡಿದು ಕೇಳಿದ.

ಒಳ್ಳೇದು, ಅಂದೆ.
ಗಾಜು ಒರೆಸುವ ಹಳದಿ ಬಟ್ಟೆಯೊಂದನ್ನು ಬಿಟ್ಟಿ ಕೊಟ್ಟೆ.
ಅಲ್ಲೇ ನಿಂತು ಫೋನು ಒರೆಸಿದ,
ಮಗಳ ಮೂಗಿನ ಹತ್ತಿರ ಎರಡು ಸಲ.